ಮಳೆ ಸೀಮೆಯ ಮನೆಗೆ ಯಾವ ಮೈಕ್ ಸರಿ?

ಪಾಡ್‌ಕಾಸ್ಟ್ ಶುರು ಮಾಡಬೇಕು, ಒಳ್ಳೆ ಮೈಕ್ ಒಂದು ಹೇಳಿ ಎಂದು ಕೇಳುವವರಿಗೆ ನನ್ನದೊಂದು ಮರುಪ್ರಶ್ನೆ ಇರುತ್ತದೆ: ನಿಮ್ಮ ಮನೆಯ ಮಾಡು ಯಾವುದು? ತಾರಸಿಯೋ, ಹೆಂಚೋ, ಶೀಟೋ? ಹಾಸನ ಪೇಟೆಯವರು ಇದನ್ನು ಕೇಳಿ ನಗುತ್ತಾರೆ. ಮೂಡಿಗೆರೆ, ಕಳಸ, ಸಕಲೇಶಪುರದ ಕಡೆಯವರು ನಗುವುದಿಲ್ಲ. ಜುಲೈ ತಿಂಗಳಲ್ಲಿ ಜಿಂಕ್ ಶೀಟಿನ ಮೇಲೆ ಮಳೆ ಹಿಡಿದುಕೊಂಡರೆ ಪಕ್ಕದಲ್ಲಿ ಕೂತವರ ಮಾತೇ ಕೇಳುವುದಿಲ್ಲ ಎಂದು ಅವರಿಗೆ ಗೊತ್ತು.

ಯೂಟ್ಯೂಬ್‌ನಲ್ಲಿ ಮೈಕ್ ಬಗ್ಗೆ ಹೇಳುವವರು ಹೆಚ್ಚಾಗಿ ಗೋಡೆ ತುಂಬಾ ಫೋಮ್ ಅಂಟಿಸಿದ ಕೋಣೆಯಲ್ಲಿ ಕೂತಿರುತ್ತಾರೆ. ಅಂಥ ಕಡೆ ಬಹುತೇಕ ಎಲ್ಲ ಮೈಕೂ ಚೆನ್ನಾಗಿಯೇ ಕೇಳಿಸುತ್ತದೆ. ನಮ್ಮ ಕಥೆ ಬೇರೆ. ಮಲೆನಾಡಿನ ಮನೆಗೆ ಮಳೆ, ಜೀರುಂಡೆ, ಕಪ್ಪೆ. ಹಾಸನ, ಚಿಕ್ಕಮಗಳೂರು ಪೇಟೆಯ ಮನೆಗೆ ಕಸದ ಗಾಡಿಯ ಹಾಡು, ತರಕಾರಿ ಗಾಡಿಯ ಕೂಗು, ಪಕ್ಕದ ಮನೆಯ ಮಿಕ್ಸಿ. ಅರಸೀಕೆರೆ, ಕಡೂರಿನ ಬಯಲಿಗೆ ಬಂದರೆ ಮಳೆಯ ತೊಂದರೆ ಕಮ್ಮಿ, ಆದರೆ ಏಪ್ರಿಲ್‌ನಲ್ಲಿ ಫ್ಯಾನ್ ಆರಿಸಿ ಕೂರುವುದು ಕಷ್ಟ. ಹಾಗಾಗಿ ಒಂದೇ ಮೈಕ್ ಎಲ್ಲರಿಗೂ ಒಗ್ಗುವುದಿಲ್ಲ.

ದುಡ್ಡು ಬಿಚ್ಚುವ ಮೊದಲು ಒಂದು ಕೆಲಸ ಮಾಡಿ. ನೀವು ಮಾತಾಡಬೇಕೆಂದಿರುವ ಕೋಣೆಯಲ್ಲಿ, ಮಾತಾಡಬೇಕೆಂದಿರುವ ಹೊತ್ತಿನಲ್ಲಿ, ಫೋನಿನ ರೆಕಾರ್ಡರ್ ಆನ್ ಮಾಡಿ ಒಂದು ನಿಮಿಷ ಸುಮ್ನೆ ಕೂತಿರಿ. ಆಮೇಲೆ ಒಂದು ಸಲ ಜೋರಾಗಿ ಚಪ್ಪಾಳೆ ತಟ್ಟಿ. ಇಯರ್‌ಫೋನ್ ಹಾಕಿಕೊಂಡು ಕೇಳಿ. ಚಪ್ಪಾಳೆಯ ಹಿಂದೆ ಝಣ್ ಎಂಬ ಬಾಲ ಉಳಿದರೆ ನಿಮ್ಮ ತೊಂದರೆ ಪ್ರತಿಧ್ವನಿ. ಸುಮ್ಮನಿದ್ದಾಗ ಗುಂಯ್ ಎಂದೋ ಸರ್ರೆಂದೋ ಕೇಳಿದರೆ ನಿಮ್ಮ ತೊಂದರೆ ಹೊರಗಿನ ಸದ್ದು, ಫ್ರಿಜ್ಜು, ಇಲ್ಲವೇ ಇನ್ವರ್ಟರ್. ಮೊದಲನೆಯದಕ್ಕೆ ಕಂಬಳಿ, ರಜಾಯಿ, ಬಟ್ಟೆ ತುಂಬಿದ ಬೀರು ಸಾಕು. ಎರಡನೆಯದಕ್ಕೆ ಕೋಣೆ ಬದಲಿಸಬೇಕು, ಹೊತ್ತು ಬದಲಿಸಬೇಕು, ಕೊನೆಗೆ ಮೈಕ್.

ಡೈನಾಮಿಕ್, ಕಂಡೆನ್ಸರ್

ಅಂಗಡಿಯಲ್ಲಿ ಕೇಳುವ ಎರಡು ಹೆಸರು ಇವೇ. ಡೈನಾಮಿಕ್ ಮೈಕಿನಲ್ಲಿ ಪೊರೆಗೆ ತಂತಿಯ ಸುರುಳಿಯೊಂದು ಅಂಟಿರುತ್ತದೆ. ಅದು ಆಯಸ್ಕಾಂತದ ನಡುವೆ ಅಲುಗಿದಾಗ ಸಣ್ಣ ಕರೆಂಟ್ ಹುಟ್ಟುತ್ತದೆ. ಗಟ್ಟಿ ಜೀವ, ಬಿದ್ದರೂ ಬದುಕುತ್ತದೆ, ತಂಪು ಗಾಳಿಗೆ ಹೆದರುವುದಿಲ್ಲ. 1966ರಲ್ಲಿ ಬಂದ ಶೂರ್ ಎಸ್‌ಎಂ58 ಇಂದಿಗೂ ವೇದಿಕೆ ಮೇಲೆ ಕಾಣುವುದು ಈ ಕಾರಣಕ್ಕೆ. ಜಾತ್ರೆ, ಮದುವೆಗೆ ಮೈಕ್‌ಸೆಟ್ ಹಾಕುವವರ ಹತ್ತಿರ ಇರುವ ಕೈಮೈಕೂ ಸಾಮಾನ್ಯವಾಗಿ ಡೈನಾಮಿಕ್ಕೇ.

ಕಂಡೆನ್ಸರ್‌ನಲ್ಲಿ ತೀರಾ ತೆಳುವಾದ ಪೊರೆ, ಅದರ ಹಿಂದೆ ಒಂದು ತಟ್ಟೆ, ನಡುವೆ ವಿದ್ಯುತ್ ಚಾರ್ಜ್. ಪೊರೆ ಹಗುರವಾದ್ದರಿಂದ ಸಣ್ಣ ಸದ್ದಿಗೂ ಅಲುಗುತ್ತದೆ. ದನಿಯ ಉಸಿರು, ಅಂಚು, ನಯ ಎಲ್ಲ ಬರುತ್ತದೆ. ಇದಕ್ಕೆ ಹೊರಗಿನಿಂದ ಪವರ್ ಬೇಕು. ಸ್ಟುಡಿಯೋ ಮಾದರಿಗೆ ಮೈಕಿನ ವೈರಿನಲ್ಲೇ ಬರುವ 48 ವೋಲ್ಟ್ ಕರೆಂಟ್ (ಫ್ಯಾಂಟಮ್ ಪವರ್), ಯುಎಸ್‌ಬಿ ಮಾದರಿಗೆ ಕಂಪ್ಯೂಟರಿನಿಂದಲೇ.

ಇಲ್ಲಿ ಒಂದು ತಪ್ಪು ನಂಬಿಕೆ ಇದೆ. ‘ಡೈನಾಮಿಕ್ ಮೈಕ್ ಹೊರಗಿನ ಸದ್ದನ್ನು ಹಿಡಿಯುವುದೇ ಇಲ್ಲ’ ಎನ್ನುತ್ತಾರೆ. ಅದು ಅರ್ಧ ನಿಜ. ಎರಡೂ ಬಗೆಯ ಮೈಕನ್ನು ಬಾಯಿಂದ ಒಂದೇ ದೂರ ಇಟ್ಟು, ನಿಮ್ಮ ದನಿ ಎರಡರಲ್ಲೂ ಒಂದೇ ಮಟ್ಟಕ್ಕೆ ಬರುವಂತೆ ಮಾಡಿದರೆ, ಮಳೆ ಸದ್ದು ಎರಡರಲ್ಲೂ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಮೈಕ್ ಯಾವ ದಿಕ್ಕಿನಿಂದ ಸದ್ದು ತೆಗೆದುಕೊಳ್ಳುತ್ತದೆ ಎಂಬುದಷ್ಟೇ ವ್ಯತ್ಯಾಸ ತರುತ್ತದೆ. ಹಾಗಾದರೆ ಡೈನಾಮಿಕ್ ಯಾಕೆ ಗೆಲ್ಲುತ್ತದೆ? ಅದನ್ನು ನಾಲ್ಕು ಬೆರಳು ದೂರದಲ್ಲಿ ಇಟ್ಟುಕೊಂಡು ಮಾತಾಡುತ್ತೇವೆ, ಅದಕ್ಕೆ. ಕಂಡೆನ್ಸರನ್ನು ಟೇಬಲ್ ಮೇಲೆ ಒಂದೂವರೆ ಅಡಿ ದೂರ ಇಟ್ಟು ಮಾತಾಡುತ್ತೇವೆ. ಬಾಯಿಂದ ಮೈಕಿನ ದೂರ ಎರಡರಷ್ಟಾದರೆ ದನಿ ಸುಮಾರು 6 ಡೆಸಿಬಲ್ (ಸದ್ದಿನ ಅಳತೆ) ಇಳಿಯುತ್ತದೆ. ಮಾಡಿನ ಮೇಲಿನ ಮಳೆ ಮಾತ್ರ ಇಳಿಯುವುದಿಲ್ಲ, ಅದು ಕೋಣೆ ತುಂಬಾ ಒಂದೇ ಸಮ ಇರುತ್ತದೆ. ಸಂತೆಯಲ್ಲಿ ಕಿವಿಯ ಹತ್ತಿರ ಬಂದು ಹೇಳಿದ ಮಾತು ಗಲಾಟೆಯ ನಡುವೆಯೂ ತಿಳಿಯುತ್ತದಲ್ವಾ, ಹಾಗೆ.

ಹತ್ತಿರ ಕೂತು ಮಾತಾಡುವುದಕ್ಕೂ ಒಂದು ಬೆಲೆ ಇದೆ. ದನಿಯ ಕೆಳಸ್ತರ ಉಬ್ಬುತ್ತದೆ, ಗಂಡು ದನಿ ಇನ್ನಷ್ಟು ಗಡುಸಾಗುತ್ತದೆ. ಕೆಲವರಿಗೆ ಅದೇ ಇಷ್ಟ. ಇನ್ನೊಂದು, ಪ, ಬ, ಫ, ಭ ಅಕ್ಷರಗಳಿಗೆ ಗಾಳಿ ಢಬ್ ಎಂದು ಮೈಕಿಗೆ ಹೊಡೆಯುತ್ತದೆ. ಅದಕ್ಕೆ ಸ್ಪಂಜಿನ ಟೋಪಿ ಅಥವಾ ಮೈಕಿನ ಮುಂದೆ ನಿಲ್ಲಿಸುವ ಜಾಲರಿ (ಪಾಪ್ ಫಿಲ್ಟರ್) ಬೇಕು. ಮೈಕನ್ನು ನೇರ ಬಾಯಿ ಮುಂದೆ ಹಿಡಿಯದೆ ತುಟಿಯ ಓರೆಗೆ ಇಟ್ಟರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ.

ಹೆಚ್ಚಿನವರಿಗೆ ನಾನು ಹೇಳುವುದು

ಯುಎಸ್‌ಬಿ ಮತ್ತು ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ದುಂಡು ಮೈಕ್ ಜ್ಯಾಕ್) ಎರಡೂ ಬಾಯಿ ಇರುವ ಡೈನಾಮಿಕ್ ಮೈಕ್. ಇಂದು ಲ್ಯಾಪ್‌ಟಾಪ್‌ಗೆ ನೇರ ಚುಚ್ಚಿ ಕೆಲಸ ಶುರು ಮಾಡಬಹುದು. ನಾಳೆ ಸೌಂಡ್ ಕಾರ್ಡ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಡಬ್ಬಿ) ತಂದರೆ ಅದೇ ಮೈಕನ್ನು ಎಕ್ಸ್‌ಎಲ್‌ಆರ್ ವೈರಿನಲ್ಲಿ ಅದಕ್ಕೆ ಹಾಕಬಹುದು. ಹಾಕಿದ ದುಡ್ಡು ವ್ಯರ್ಥವಾಗುವುದಿಲ್ಲ.

ಈ ಗುಂಪಿನಲ್ಲಿ ಹಳೆಯ ಹೆಸರು ಸ್ಯಾಮ್‌ಸನ್ ಕ್ಯು2ಯು ಮತ್ತು ಆಡಿಯೋ ಟೆಕ್ನಿಕಾ ಎಟಿಆರ್2100ಎಕ್ಸ್. ನೋಡಲು ಆರ್ಕೆಸ್ಟ್ರಾದ ಕೈಮೈಕಿನ ಹಾಗೇ ಇವೆ, ತಲೆಯ ತುದಿಗೆ ಮಾತಾಡಬೇಕು. ಮೈಕಿಗೇ ಹೆಡ್‌ಫೋನ್ ಜ್ಯಾಕ್ ಇರುವುದರಿಂದ ನಿಮ್ಮ ದನಿ ತಡವಿಲ್ಲದೆ ನಿಮಗೇ ಕೇಳಿಸುತ್ತದೆ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಕಿಟಕಿಯಾಚೆ ಟ್ರ್ಯಾಕ್ಟರ್ ಬಂದದ್ದು ರೆಕಾರ್ಡ್ ಆಗುವಾಗಲೇ ಗೊತ್ತಾಗುತ್ತದೆ. ಮುಗಿದ ಮೇಲೆ ಗೊತ್ತಾದರೆ ಏನು ಬಂತು? ಫೈಫೈನ್ ಎಎಂ8, ಮಾವೊನೊ ಪಿಡಿ200ಎಕ್ಸ್ ಇವೂ ಎರಡು ಬಾಯಿಯ ಡೈನಾಮಿಕ್‌ಗಳೇ, ಆನ್‌ಲೈನ್‌ನಲ್ಲಿ ಹುಡುಕಿ ನೋಡಿ. ಎಎಂ8ರ ಬಣ್ಣಬಣ್ಣದ ದೀಪ ನನಗಂತೂ ಹಿಡಿಸದು. ಆರಿಸಲು ಬರುತ್ತದೆ, ಪುಣ್ಯ. ಇನ್ನೂ ಮೇಲಿನ ಮೆಟ್ಟಿಲು ಬೇಕೆಂದರೆ 2020ರಲ್ಲಿ ಬಂದ ಶೂರ್ ಎಂವಿ7, ಆಮೇಲೆ ಬಂದ ಎಂವಿ7 ಪ್ಲಸ್. ಒಳ್ಳೆಯವು. ಆದರೆ ಕ್ಯು2ಯುಗಿಂತ ಇದು ಎಷ್ಟು ಮೇಲು ಎಂದರೆ, ಬೆಲೆಯ ಅಂತರದಷ್ಟು ಖಂಡಿತಾ ಅಲ್ಲ.

ಶೂರ್ ಎಸ್‌ಎಂ7ಬಿ ಬಗ್ಗೆ ಹೇಳದಿದ್ದರೆ ಯಾರೂ ಬಿಡುವುದಿಲ್ಲ. ದೊಡ್ಡ ದೊಡ್ಡ ಪಾಡ್‌ಕಾಸ್ಟ್ ವಿಡಿಯೋದಲ್ಲೆಲ್ಲ ಕಾಣುವ ಕಪ್ಪು ಉದ್ದ ಮೈಕ್ ಅದು. ಬೆಲೆ ಮೂವತ್ತು ಸಾವಿರ ದಾಟುತ್ತದೆ. ಅದರ ಕಷ್ಟ ಬೆಲೆ ಒಂದೇ ಅಲ್ಲ, ಅದು ಕೊಡುವ ಸಿಗ್ನಲ್ ತೀರಾ ಸಣ್ಣದು. ಸರಿಯಾಗಿ ಕೇಳಿಸಬೇಕಾದರೆ ಸುಮಾರು 60 ಡೆಸಿಬಲ್ ಗೇನ್, ಅಂದರೆ ಸಿಗ್ನಲ್ಲನ್ನು ಅಷ್ಟು ಏರಿಸುವುದು, ಬೇಕು. ಅಗ್ಗದ ಸೌಂಡ್ ಕಾರ್ಡ್ ಅಷ್ಟು ಎಳೆಯಲು ಹೋದಾಗ ಹಿಂದೆ ಶ್‌ಶ್ ಎಂಬ ಸದ್ದು ಬರುತ್ತದೆ. ಆಗ ನಡುವೆ ಇನ್ನೊಂದು ಡಬ್ಬಿ ಹಾಕಬೇಕು, ಅದಕ್ಕೆ ಮತ್ತೆ ದುಡ್ಡು. 2023ರಲ್ಲಿ ಒಳಗೇ ಆಂಪ್ಲಿಫೈಯರ್ ಇರುವ ಎಸ್‌ಎಂ7ಡಿಬಿ ಬಂತು, ಇನ್ನೂ ದುಬಾರಿ. ಮನೆಯಲ್ಲಿ ಕೂತು ವಾರಕ್ಕೊಂದು ಕಂತು ಮಾಡುವವರಿಗೆ ಇದು ಬೇಡ. ಆ ದುಡ್ಡಲ್ಲಿ ಕೋಣೆಗೆ ದಪ್ಪ ಪರದೆ, ಒಳ್ಳೆ ಹೆಡ್‌ಫೋನ್, ಮೈಕ್ ಹಿಡಿಯುವ ಕೈ, ಎಲ್ಲ ಬಂದು ಇನ್ನೂ ಮಿಗುತ್ತದೆ.

ಊರಿನ ಮೈಕ್‌ಸೆಟ್ ಅಂಗಡಿಯವರು ಪರಿಚಯದವರಾಗಿದ್ದರೆ ಅವರ ಒಂದು ಕೈಮೈಕ್ ಎರವಲು ತಂದು ನೋಡುವುದು ಜಾಣತನ. ಒಂದು ಎಚ್ಚರ: ಅವರ ವೈರಿನ ತುದಿಯಲ್ಲಿ ಹೆಚ್ಚಾಗಿ ಗಿಟಾರ್‌ಗೆ ಹಾಕುವಂಥ ದಪ್ಪ ಪಿನ್ ಇರುತ್ತದೆ. ಅದನ್ನು ಸೌಂಡ್ ಕಾರ್ಡಿಗೆ ಚುಚ್ಚಿದರೆ ಸದ್ದು ಬರುತ್ತದೆ, ಜೊತೆಗೆ ಗುಂಯ್ ಎನ್ನುವುದೂ ಬರುತ್ತದೆ. ಎರಡೂ ತುದಿಗೆ ಎಕ್ಸ್‌ಎಲ್‌ಆರ್ ಇರುವ ವೈರ್ ತಂದರೆ ಅದೇ ಮೈಕ್ ಬೇರೆಯೇ ಅನ್ನಿಸುತ್ತದೆ.

ಎಸ್‌ಎಂ58 ಹೊಸದು ಕೊಳ್ಳುವುದಾದರೆ ಡೀಲರ್ ಬಿಲ್ ಇರುವ ಕಡೆಯೇ ಕೊಳ್ಳಿ. ಇದರಷ್ಟು ನಕಲಿಯಾದ ಮೈಕ್ ಇನ್ನೊಂದಿಲ್ಲವೇನೋ. ಅರ್ಧ ರೇಟಿಗೆ ಸಿಕ್ಕಿತು ಅಂದರೆ ಅದು ಎಸ್‌ಎಂ58 ಅಲ್ಲ.

ಕಂಡೆನ್ಸರ್ ಯಾರಿಗೆ?

ತೋಟದ ಮನೆ, ಸುತ್ತ ಮರ, ರಸ್ತೆ ದೂರ, ದಪ್ಪ ಗೋಡೆ, ಹೆಂಚಿನ ಕೆಳಗೆ ಮರದ ಅಟ್ಟ. ಇಂಥ ಮನೆಯಲ್ಲಿ ಡಿಸೆಂಬರ್‌ನ ಬೆಳಿಗ್ಗೆ ಕಂಡೆನ್ಸರ್ ಕೊಡುವ ದನಿಯನ್ನು ಡೈನಾಮಿಕ್ ಕೊಡಲಾರದು. ಕಥೆ ಓದುವವರು, ಆಡಿಯೋಬುಕ್ ಮಾಡುವವರು, ಮೆಲ್ಲಗೆ ಮಾತಾಡುವವರು ಇದನ್ನು ನೋಡಬೇಕು. ಫ್ಯಾನ್ ಇಲ್ಲದೆ ವರ್ಷದ ಹೆಚ್ಚು ಕಾಲ ಕೂರಬಹುದು ಎಂಬುದೇ ಮಲೆನಾಡಿನವರಿಗೆ ಬೆಂಗಳೂರಿನವರ ಮೇಲಿರುವ ದೊಡ್ಡ ಅನುಕೂಲ.

ಆದರೆ ಮೌನಕ್ಕೂ ಕ್ಯಾಲೆಂಡರ್ ಇದೆ. ಕಾಫಿ ಕೊಯ್ಲಿನ ದಿನಗಳಲ್ಲಿ ಸಂಜೆ ಹಣ್ಣು ಅಳೆದು ಮುಗಿಯುತ್ತಿದ್ದಂತೆ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ, ಪಲ್ಪರ್, ಶುರುವಾಗುತ್ತದೆ. ಕಣದ ಹತ್ತಿರದ ಕೋಣೆಯಾದರೆ ಆ ಹೊತ್ತಿಗೆ ರೆಕಾರ್ಡಿಂಗ್ ಆಸೆ ಬಿಡಿ. ರಾತ್ರಿ ಜೀರುಂಡೆ ಮೊದಲಾದರೆ ಇನ್ನೂ ಕಷ್ಟ. ಅದರ ಕೀರಲು ನಮ್ಮ ಸ, ಶ ಅಕ್ಷರಗಳ ಸದ್ದು ಇರುವ ಎತ್ತರದಲ್ಲೇ ಕೂತಿರುತ್ತದೆ, ಸಾಫ್ಟ್‌ವೇರ್‌ನಲ್ಲಿ ಅದನ್ನು ತೆಗೆಯಲು ಹೋದರೆ ಮಾತಿನ ಚೂಪೂ ಹೋಗುತ್ತದೆ. ಬೆಳಗಿನ ಹೊತ್ತೇ ಮೇಲು.

ಕಂಡೆನ್ಸರ್ ಕೊಳ್ಳುವಾಗ ಡಬ್ಬಿ ಮೇಲೆ ‘ಸೆಲ್ಫ್ ನಾಯ್ಸ್’ ಅಂಕಿ ನೋಡಿ. ಮೈಕ್ ತಾನೇ ಹುಟ್ಟಿಸುವ ಶ್‌ಶ್ ಸದ್ದು ಅದು, ಅಂಕಿ ಕಮ್ಮಿ ಇದ್ದಷ್ಟೂ ಒಳ್ಳೆಯದು. ಆಡಿಯೋ ಟೆಕ್ನಿಕಾ ಎಟಿ2020ಗೆ ಅದು 20 ಡೆಸಿಬಲ್, ಎಟಿ2035ಕ್ಕೆ 12, ರೋಡ್ ಕಂಪನಿಯ ಎನ್‌ಟಿ1ರ ಐದನೇ ತಲೆಮಾರಿಗೆ 4. ಪೇಟೆಯ ಮನೆಯಲ್ಲಿ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ, ರಸ್ತೆಯ ಸದ್ದು ಎಲ್ಲವನ್ನೂ ಮುಚ್ಚುತ್ತದೆ. ತೋಟದ ಮನೆಯಲ್ಲಿ ಗೊತ್ತಾಗುತ್ತದೆ. ಆಡಿಯೋಬುಕ್ಕಿಗೆ ಅಮೆಜಾನಿನ ಆಡಿಯೋಬುಕ್ ವೇದಿಕೆ ಎಸಿಎಕ್ಸ್ ಇಟ್ಟಿರುವ ಅಳತೆಯಲ್ಲಿ ಹಿನ್ನೆಲೆ ಸದ್ದು ಮೈನಸ್ 60 ಡೆಸಿಬಲ್‌ಗಿಂತ ಕೆಳಗಿರಬೇಕು. ನಿಮ್ಮ ಕೋಣೆ ಅಲ್ಲಿಗೆ ಮುಟ್ಟುತ್ತದೋ ಇಲ್ಲವೋ ಎಂದು ನೋಡಲು ಆಡಾಸಿಟಿ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಸಾಕು, ಪುಕ್ಕಟೆ ಸಿಗುತ್ತದೆ.

ಬ್ಲೂ ಯೇತಿಯನ್ನು ತುಂಬಾ ಜನ ಕೇಳುತ್ತಾರೆ. 2009ರಿಂದ ಇದೆ, ಯುಎಸ್‌ಬಿ ಕಂಡೆನ್ಸರ್, ಒಳಗೆ ಸದ್ದು ಹಿಡಿಯುವ ಮೂರು ಕ್ಯಾಪ್ಸೂಲ್, ನಾಲ್ಕು ದಿಕ್ಕಿನ ಆಯ್ಕೆ. ಗಟ್ಟಿ ಸಾಮಾನು. ಆದರೆ ಟೈಲ್ಸ್ ನೆಲ, ಬರಿ ಗೋಡೆಯ ಹಾಲ್‌ನಲ್ಲಿ ಟೇಬಲ್ ಮೇಲೆ ಇಟ್ಟರೆ ಬಾವಿಯೊಳಗಿಂದ ಮಾತಾಡಿದಂತೆ ಬರುತ್ತದೆ. ಮೈಕಿನ ತಪ್ಪಲ್ಲ, ಕೋಣೆಯದು. ಈಗಾಗಲೇ ಇದ್ದವರು ಮಾರಬೇಡಿ. ಕಾರ್ಡಿಯಾಯ್ಡ್‌ಗೆ (ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ ಆಯ್ಕೆ) ತಿರುಗಿಸಿ, ಗೇನ್ ಇಳಿಸಿ, ಒಂದು ಗೇಣು ದೂರಕ್ಕೆ ತನ್ನಿ. ತುದಿಗೆ ಮಾತಾಡಬೇಡಿ, ಕಂಪನಿ ಹೆಸರಿರುವ ಮುಖಕ್ಕೆ ಮಾತಾಡಿ. ಅರ್ಧಕ್ಕರ್ಧ ಜನ ಇಲ್ಲೇ ಎಡವುತ್ತಾರೆ.

ಸಾವಿರ ರೂಪಾಯಿಯ ಆಸುಪಾಸಿನಲ್ಲಿ

ಕಾಲರ್ ಮೈಕ್. ಬೋಯಾ ಬಿವೈ-ಎಂ1 ಎಲ್ಲರಿಗೂ ಗೊತ್ತಿರುವುದು, 6 ಮೀಟರ್ ವೈರ್, ಬೆಲೆ ಸಾವಿರದ ಆಸುಪಾಸು. ಅದರ ನಡುವಿನ ಡಬ್ಬಿಯ ಸ್ವಿಚ್ಚನ್ನು ಫೋನಿಗೆ ಹಾಕುವಾಗ ಫೋನ್ ಕಡೆಗೇ ಇಡಬೇಕು. ಕ್ಯಾಮೆರಾ ಕಡೆಗಿದ್ದರೆ ಎಲ್‌ಆರ್44 ಸೆಲ್ ಸುಮ್ನೆ ಖಾಲಿಯಾಗುತ್ತದೆ. ಈಗಿನ ಫೋನುಗಳಲ್ಲಿ ಇಯರ್‌ಫೋನ್ ತೂತೇ ಇರುವುದಿಲ್ಲ, ಟೈಪ್-ಸಿ ಅಡಾಪ್ಟರ್ ಬೇಕು. ಮೈಕ್ ಒಪ್ಪುವ ಅಡಾಪ್ಟರ್ರೇ ಎಂದು ಅಂಗಡಿಯಲ್ಲೇ ಹಾಕಿ ನೋಡಿ ತನ್ನಿ, ಕೆಲವು ಬರೀ ಹಾಡು ಕೇಳಲು ಮಾತ್ರ ಬರುತ್ತವೆ.

ಇದು ಎಲ್ಲ ದಿಕ್ಕಿನ ಸದ್ದನ್ನೂ ಹಿಡಿಯುವ ಮೈಕ್. ಆದರೆ ಬಾಯಿಗೆ ಹತ್ತಿರ ಇರುವುದರಿಂದ ಪೇಟೆಯ ಮನೆಯಲ್ಲೂ ನಿಭಾಯಿಸುತ್ತದೆ. ವಯಸ್ಸಾದವರ ಹತ್ತಿರ ಹಳೆಯ ಕಥೆ, ಹಸೆ ಹಾಡು, ಸೋಬಾನೆ ಹಾಡು ರೆಕಾರ್ಡ್ ಮಾಡುವುದಾದರೆ ನಾನು ಇದನ್ನೇ ಆರಿಸುತ್ತೇನೆ. ದೊಡ್ಡ ಮೈಕ್ ಮುಖದ ಮುಂದೆ ನಿಂತರೆ ಅಜ್ಜಿ ಭಾಷಣಕ್ಕೆ ಇಳಿದುಬಿಡುತ್ತಾರೆ. ಸೆರಗಿನ ಅಂಚಿಗೆ ಸಿಕ್ಕಿಸಿದ್ದು ಐದು ನಿಮಿಷಕ್ಕೆ ಮರೆತುಹೋಗುತ್ತದೆ. ಸೆರಗು ಉಜ್ಜದಂತೆ, ಸರ ತಾಗದಂತೆ ನೋಡಿಕೊಂಡರಾಯಿತು.

ದುಡ್ಡೇ ಇಲ್ಲ ಅಂದರೆ ಫೋನ್ ಸಾಕು, ತಮಾಷೆಯಲ್ಲ. ತೆರೆದ ಬಟ್ಟೆ ಬೀರುವಿನ ಮುಂದೆ ಕೂತು, ಫೋನನ್ನು ಗಲ್ಲದ ಹತ್ತಿರ ಓರೆಯಾಗಿ ಹಿಡಿದು ಮಾಡಿದ ರೆಕಾರ್ಡಿಂಗ್, ಬರಿ ಹಾಲ್‌ನ ದುಬಾರಿ ಕಂಡೆನ್ಸರ್‌ಗಿಂತ ಚೆನ್ನಾಗಿ ಕೇಳಿಸುತ್ತದೆ. ಹಾಸನ ಆಕಾಶವಾಣಿ ಕೇಳಿ ಬೆಳೆದ ಕಿವಿಗಳಿಗೆ ಹತ್ತಿರದ, ಬಾಲವಿಲ್ಲದ ದನಿಯ ಅಭ್ಯಾಸ ಇದೆ. ಪ್ರತಿಧ್ವನಿ ಬಂದರೆ ಜನ ಬೇಗ ಬೇಸರಪಡುತ್ತಾರೆ. ಮೊಟ್ಟೆ ಟ್ರೇ ಗೋಡೆಗೆ ಅಂಟಿಸುವುದು ಮಾತ್ರ ಬೇಡ. ಅದು ತೆಳು ರಟ್ಟು, ಸದ್ದು ಹೀರುವುದು ಅಷ್ಟಕ್ಕಷ್ಟೆ.

ವೈರ್ ಇಲ್ಲದವು, ಇಬ್ಬರು ಕೂತು ಮಾತಾಡುವುದು

ವೈರ್‌ಲೆಸ್ ಮೈಕ್‌ಗಳು, ಡಿಜೆಐ, ರೋಡ್, ಹಾಲಿಲ್ಯಾಂಡ್ ಇತ್ಯಾದಿ, ತೋಟದಲ್ಲಿ ಓಡಾಡುತ್ತಾ ವಿಡಿಯೋ ಮಾಡುವವರಿಗೆ ಸರಿ. ಗಾಳಿಗೆ ರೋಮದ ಟೋಪಿ ಹಾಕಲೇಬೇಕು. ಕೂತು ಮಾತಾಡುವ ಪಾಡ್‌ಕಾಸ್ಟಿಗೆ ಬೇಕಿಲ್ಲ. ಚಾರ್ಜ್ ನೋಡಿಕೊಳ್ಳುವ ಕೆಲಸ ಜಾಸ್ತಿ. ನಾಯ್ಸ್ ಕ್ಯಾನ್ಸಲ್ ಬಟನ್ ಒತ್ತಿದರೆ ಮಳೆ ಸದ್ದಿನ ಜೊತೆ ದನಿಯೂ ನೀರೊಳಗೆ ಮುಳುಗಿದಂತಾಗುತ್ತದೆ.

ಇಬ್ಬರಾದರೆ ಇಬ್ಬರಿಗೂ ಒಂದೊಂದು ಮೈಕ್. ನಡುವೆ ಒಂದಿಟ್ಟು ಮಾಡಿದ್ದು ಎಂದೂ ಸರಿ ಬರುವುದಿಲ್ಲ. ಎರಡು ಯುಎಸ್‌ಬಿ ಮೈಕನ್ನು ಒಂದೇ ಲ್ಯಾಪ್‌ಟಾಪ್‌ಗೆ ಹಾಕುವುದು ತಲೆನೋವು, ಹೆಚ್ಚಿನ ಸಾಫ್ಟ್‌ವೇರ್ ಒಂದನ್ನೇ ನೋಡುತ್ತದೆ. ಇಲ್ಲಿಂದ ಮುಂದೆ ಸೌಂಡ್ ಕಾರ್ಡಿನ ದಾರಿ. ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೋದಲ್ಲಿ ಒಂದೇ ಮೈಕಿಗೆ ಜಾಗ, 2ಐ2ನಲ್ಲಿ ಎರಡಕ್ಕೆ. ಅತಿಥಿ ಕರೆಯುವ ಯೋಚನೆ ಇದ್ದರೆ ಮೊದಲೇ ಎರಡು ಬಾಯಿಯದು ತನ್ನಿ. ಅತಿಥಿ ಬೇರೆ ಊರಲ್ಲಿದ್ದರೆ ಕರೆಯ ದನಿಯನ್ನು ನಂಬಬೇಡಿ. ಕೊಪ್ಪ, ಶೃಂಗೇರಿ ಕಡೆ ಮಳೆಗಾಲದಲ್ಲಿ ನೆಟ್‌ವರ್ಕ್ ಹೇಗಿರುತ್ತದೆ ಗೊತ್ತಲ್ಲ. ಅವರವರ ದನಿಯನ್ನು ಅವರವರ ಫೋನಿನಲ್ಲೇ ರೆಕಾರ್ಡ್ ಮಾಡಿಕೊಂಡು, ಆಮೇಲೆ ಎರಡು ಫೈಲ್ ಜೋಡಿಸಿ. ಶುರುವಿನಲ್ಲಿ ಇಬ್ಬರೂ ಒಂದು ಚಪ್ಪಾಳೆ ತಟ್ಟಿದರೆ ಜೋಡಿಸುವುದು ಸಲೀಸು.

ಕರೆಂಟು, ತೇವ

ಯುಎಸ್‌ಬಿ ಮೈಕ್‌ನಲ್ಲಿ ಗುಂಯ್ ಎಂದರೆ ಮೈಕನ್ನು ಬೈಯುವ ಮೊದಲು ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ನೋಡಿ. ಹಳೆ ಮನೆಗಳಲ್ಲಿ ಅರ್ಥಿಂಗ್ ಸರಿ ಇರುವುದಿಲ್ಲ, ಇನ್ವರ್ಟರ್ ಮೇಲೆ ಓಡುವಾಗ ಇನ್ನೂ ಕೆಟ್ಟದಾಗಬಹುದು. ಬ್ಯಾಟರಿ ಮೇಲೆ ರೆಕಾರ್ಡ್ ಮಾಡುವುದು ಸುಲಭ ಉಪಾಯ, ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಪ್ಲಗ್ ಪೂರ್ತಿ ಕಿತ್ತಿಡಿ.

ಮೈಕನ್ನು ಟೇಬಲ್ ಮೇಲೆ ನೇರ ಇಡುವ ಬದಲು ಕ್ಲ್ಯಾಂಪ್ ಹಾಕುವ ಬೂಮ್ ಕೈ ತಂದರೆ ಲೋಟ ಇಟ್ಟ ಸದ್ದು, ಮಂಡಿ ತಾಗಿದ ಸದ್ದು ತಪ್ಪುತ್ತದೆ. ಬಾಯಿಗೆ ಹತ್ತಿರ ತರುವುದೂ ಸುಲಭ. ರೆಕಾರ್ಡ್ ಮಾಡುವಾಗ ಸಾಫ್ಟ್‌ವೇರ್‌ನಲ್ಲಿ ಕಾಣುವ ಸದ್ದಿನ ಮೀಟರ್ ಜೋರು ಮಾತಿಗೂ ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ನಡುವೆ ನಿಲ್ಲಲಿ.

ಮಲೆನಾಡಿನ ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಬರುವಾಗ ಕಂಡೆನ್ಸರ್ ಪೊರೆಯನ್ನು ಹೊರಗೆ ಬಿಡುವುದು ಬೇಡ. ತೇವ ಕೂತರೆ ಚಾರ್ಜ್ ಸೋರಿ ಚಟಪಟ ಸದ್ದು ಶುರುವಾಗುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಅಕ್ಕಿ ಡಬ್ಬಿಯಲ್ಲಿ ಹೂಳಬೇಡಿ, ಅಕ್ಕಿಯ ಹುಡಿ ಜಾಲರಿಯೊಳಗೆ ಹೋಗುತ್ತದೆ. ನೀಲಿ ಹರಳು ಗುಲಾಬಿಗೆ ತಿರುಗಿದರೆ ತೇವ ತುಂಬಿತೆಂದು ಲೆಕ್ಕ, ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ನೀಲಿ ಬಣ್ಣಕ್ಕೆ ಕೋಬಾಲ್ಟ್ ಸೇರಿಸಿರುತ್ತಾರೆ, ಹಾಗಾಗಿ ಅಡುಗೆಯ ಬಾಣಲೆ ಬಳಸಬೇಡಿ, ಮಕ್ಕಳ ಕೈಗೂ ಸಿಗದಿರಲಿ. ಡೈನಾಮಿಕ್ ತೆಗೆದುಕೊಂಡವರಿಗೆ ಇಷ್ಟೆಲ್ಲ ರಗಳೆ ಇಲ್ಲ. ಸ್ಪಂಜಿನ ಟೋಪಿಯನ್ನು ಆಗಾಗ ತೊಳೆದು, ಪೂರ್ತಿ ಒಣಗಿದ ಮೇಲೆ ಹಾಕಿದರೆ ಸಾಕು. ಒದ್ದೆ ಟೋಪಿ ಎರಡೇ ದಿನಕ್ಕೆ ನಾರುತ್ತದೆ, ಮೂಗಿನ ಮುಂದೆಯೇ ಇರುವ ಸಾಮಾನು ಅದು.